ಬಾಗಿಲ ಹೊರಗೆ ಮೂರು ದಿನ

ಬಾಳೇಶ ತನ್ನ ತಂಗಿ ರಾಣಿಗೆ ಕೊಟ್ಟ ಬುದ್ಧಿಮಾತುಗಳನ್ನೆಲ್ಲ ಬರೆದಿಟ್ಟಿದ್ದರೆ ಇನ್ನೂರು ಪುಟದ ನೋಟಬುಕ್ಕು ತುಂಬಿ, ರಟ್ಟಿನ ಒಳಬದಿಗೂ ಬರೆಯಬೇಕಾಗುತ್ತಿತ್ತು. ಊರಿನಿಂದ ಬೈಲಹೊಂಗಲಕ್ಕೆ ಬೆಳಗಿನ ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದಾರಿ. ಅವನು ಅಲ್ಲಿಯ ಎಪಿಎಂಸಿ ಮಾರುಕಟ್ಟೆಯಲ್ಲಿ ಹಮಾಲ, ಚೀಲ ಹೊರುವ ಕೆಲಸ. ಅವಳು ಅದೇ ಪೇಟೆಯ ಕಾಲೇಜಿನಲ್ಲಿ ಬಿ.ಕಾಂ. ಮೂರನೆಯ ವರ್ಷ. ಎರಡೂವರೆ ವರ್ಷದಿಂದ ಅಣ್ಣತಂಗಿ ಒಂದೇ ಬಸ್ಸು ಹತ್ತುತ್ತಿದ್ದರು. ಸೀಟು ಸಿಗಲಿ ಬಿಡಲಿ, ಉಪದೇಶ ಮಾತ್ರ ಒಂದು ದಿನವೂ ತಪ್ಪಿದ್ದಿಲ್ಲ.

"ಪರೀಕ್ಷಾಕ್ಕ ಹೊಸಾ ಪೆನ್ ಒಯ್ಯಬ್ಯಾಡ. ವಾರದ ಮೊದಲ ತಗೊಂಡು ಕೈಗೆ ರೂಢಿ ಮಾಡ್ಕೋ."

"ನೋಟಿಸ್ ಬೋರ್ಡ್ ದಿನಾ ನೋಡು. ನಿನಗ ಸಂಬಂಧ ಇರಲಿ, ಇಲ್ಲದಿರಲಿ, ನೋಡು."

"ಯಾವ ಕಾಗದಾ ಇದ್ರೂ ನಾಕ್ ಝೆರಾಕ್ಸ್. ಮೂರಲ್ಲ ಮತ್ತ, ನಾಕು."

"ಬಯೋಡಾಟಾದಾಗ ಬರಲಾರದ್ದನ್ನ ಬರ್ತೈತಿ ಅಂತ ಬರೀಬ್ಯಾಡ. ಅಲ್ಲೇ ಕುಂದ್ರಿಸಿ ಮಾಡಿ ತೋರ್ಸು ಅಂತಾರ."

ರಾಣಿ ಹೂಂ ಅನ್ನುತ್ತಿದ್ದಳು. ಡಿಗ್ರಿ ಮುಗಿಸಿ ಬ್ಯಾಂಕಿನ ಪರೀಕ್ಷೆ ಬರೆಯಬೇಕು ಎಂಬುದು ಅವಳ ಆಸೆ, ಅಣ್ಣನ ಹಟ. ಅದಕ್ಕಾಗಿ ದಿನಕ್ಕೆ ಹತ್ತು ಲೆಕ್ಕ ಬಿಡಿಸು, ಗಡಿಯಾರ ಮುಂದಿಟ್ಟುಕೊಂಡು ಬಿಡಿಸು, ತಪ್ಪಿದ್ದನ್ನು ಭಾನುವಾರ ಮತ್ತೆ ಬಿಡಿಸು ಎಂದು ಗಂಟುಬಿದ್ದವನೂ ಅವನೇ. ಈ ಜ್ಞಾನವೆಲ್ಲ ಅವನಿಗೆ ಬಂದದ್ದು ಮಾರುಕಟ್ಟೆಯಲ್ಲಿ. ಕಿತ್ತೂರಿನಿಂದ ಬರುವ ಬ್ಯಾಂಕಿನ ಕಾರಕೂನ, ಸವದತ್ತಿಯಲ್ಲಿ ಮಾಸ್ತರಿಕೆ ಮಾಡುವ ಒಬ್ಬ ಅಡತಿ ವ್ಯಾಪಾರಿಯ ಅಳಿಯ, ಚಹಾದಂಗಡಿಗೆ ಬರುವ ಪತ್ರಿಕೆಯ ನೌಕರಿ ಪುಟ, ಹೀಗೆ ಸಿಕ್ಕಸಿಕ್ಕಲ್ಲಿ ಆಯ್ದು ತಂದು ತಂಗಿಯ ಮಡಿಲಿಗೆ ಸುರಿಯುತ್ತಿದ್ದ. ಜೊತೆಯ ಹಮಾಲರು ಅವನಿಗೆ 'ಪ್ರಿನ್ಸಿಪಾಲ' ಎಂದೇ ಹೆಸರಿಟ್ಟಿದ್ದರು. "ಪ್ರಿನ್ಸಿಪಾಲ್ರ, ಈ ಚೀಲಕ್ಕೊಂದು ಕೈ ಹಚ್ಚರಿ" ಎಂದರೆ ಅವನೂ ನಕ್ಕು ಕೈ ಹಚ್ಚುತ್ತಿದ್ದ.

ಆದರೆ ಒಂದು ಮಾತನ್ನು ಮಾತ್ರ ಅವನು ತಂಗಿಗೆ ಹೇಳಿರಲಿಲ್ಲ. ಅದನ್ನು ಹೇಳಬೇಕಾದರೆ ತನ್ನದೇ ಕಥೆ ಬಿಚ್ಚಬೇಕಾಗುತ್ತಿತ್ತು. ಆದ್ದರಿಂದ ಉಳಿದದ್ದೆಲ್ಲ ಹೇಳಿ, ಬೇಕಾದದ್ದೊಂದನ್ನೇ ನುಂಗಿಕೊಂಡಿದ್ದ.

ಡಿಸೆಂಬರಿನ ಒಂದು ಬುಧವಾರ, ಮಧ್ಯಾಹ್ನ ಹನ್ನೆರಡರ ಸುಮಾರಿಗೆ, ಗೋವಿನಜೋಳದ ಚೀಲ ಬೆನ್ನಮೇಲಿದ್ದಾಗ ಅವನೆದುರು ಮಹೇಕ್ ಬಂದು ನಿಂತಳು. ಮಹೇಕ್ ಅಂದರೆ ಮಾರುಕಟ್ಟೆಯಲ್ಲಿ ಟೆಂಪೋ ಹೊಡೆಯುವ ಇಮಾಮಹುಸೇನನ ಮಗಳು, ರಾಣಿಯ ಬೆಂಚಿನಲ್ಲೇ ಕೂರುವವಳು. ಓಡಿ ಬಂದಿದ್ದಳು, ಉಸಿರು ಕೂಡುತ್ತಿರಲಿಲ್ಲ.

"ಅಣ್ಣಾ, ರಾಣಿ ನಿಮಗೇನೂ ಹೇಳಿಲ್ಲಲ್ರಿ?"

"ಏನ್ ಹೇಳಬೇಕಿತ್ತು?"

"ಆಕಿ ಹಾಜರಿ ಕಡಿಮಿ ಬಿದ್ದೈತ್ರಿ. ಡೆಂಗ್ಯೂ ಆದಾಗ ಕ್ಲಾಸ್ ತಪ್ಪಿದ್ವಲ್ಲ, ಅದಕ್ಕ ಹಾಲ್ ಟಿಕೆಟ್ ತಡದಾರ. ದವಾಖಾನಿ ಕಾಗದ ಹಚ್ಚಿ ಅರ್ಜಿ ಬರದು, ಪ್ರಿನ್ಸಿಪಾಲ್ರ ಸಹಿ ಮಾಡಿಸಿ ಆಫೀಸಿಗೆ ಕೊಟ್ರ ಬಿಡ್ತಾರ. ಇವತ್ತ ನಾಕ ಗಂಟೇದ ತನಕ ಅಷ್ಟ."

"ಕೊಟ್ಟಿಲ್ಲೇನು ಹಂಗಾರ?"

"ಸೋಮವಾರದಿಂದ ಸರ್ ಬಾಗಲದಾಗ ನಿಂತಾಳ್ರಿ. ಸರ್ ಒಳಗ ಬರಕೋತ ಕುಂತಿರ್ತಾರ, ಈಕಿ ಚಪ್ಪಲಿ ಬಿಟ್ಟು ಹೊರಗ ನಿಂತಿರ್ತಾಳ. ನಾ ಹೋಗಿ ಹೇಳ್ತೇನಿ ಅಂದ್ರ ಕೈ ಹಿಡದು ಜಗ್ಗತಾಳ. ಸರ್ ತಾವಾಗಿ ಕೇಳಲಿ, ಆಮ್ಯಾಲ ಹೇಳ್ತೇನಿ ಅಂತಾಳ. ದವಾಖಾನಿ ಕಾಗದಾನೂ ಮನ್ಯಾಗ ಐತಂತ. ಕೇಳಿದ್ರ ನಾಳೆ ತರ್ತಾಳಂತ!"

ಬಾಳೇಶ ಚೀಲವನ್ನು ಥಟ್ಟನೆ ಕೆಳಗಿಳಿಸಿದ. ಬೆನ್ನು ಹಗುರಾಯಿತು, ಎದೆ ಆಗಲಿಲ್ಲ.

ಅವರ ಮನೆಯಲ್ಲಿ ಹಿಂದಿನಿಂದ ಬಂದ ಒಂದು ರೀತಿ ಇತ್ತು. ದೊಡ್ಡವರ ಬಾಗಿಲಿಗೆ ಹೋದರೆ ಚಪ್ಪಲಿ ಕಳಚಿ, ಹೊಸ್ತಿಲಿನಿಂದ ಒಂದು ಮಾರು ಹಿಂದೆ, ಕೈಕಟ್ಟಿ ನಿಲ್ಲಬೇಕು. ಕೂಗಬಾರದು, ಕೆಮ್ಮಬಾರದು. ಅವರಾಗಿ ತಲೆಯೆತ್ತಿ "ಏನ್ ಬಂದಿಯೋ?" ಎನ್ನುವ ತನಕ ಕಾಯಬೇಕು. ಅವರ ಅವ್ವ ಶಟ್ಟೆವ್ವ ಗಂಡ ತೀರಿದ ಮೇಲೆ ಗೌಡರ ಮನೆಯ ಬಾಗಿಲಲ್ಲಿ, ಊರಿನ ಲೆಕ್ಕ ಬರೆಯುವ ತಲಾಟಿಯ ಬಾಗಿಲಲ್ಲಿ, ಸಾಲೆಯ ಬಾಗಿಲಲ್ಲಿ ಮಕ್ಕಳನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು ಹೀಗೆಯೇ ಬೆಳೆಸಿದ್ದಳು. ಹಳ್ಳಿಯಲ್ಲಿ ಆ ರೀತಿ ನಡೆಯುತ್ತಿತ್ತು ಎನ್ನಿ. ಅಲ್ಲಿ ನಿಂತವರು ಯಾರು, ಯಾಕೆ ನಿಂತಿದ್ದಾರೆ ಎಂಬುದು ಓಣಿಗೆಲ್ಲ ಗೊತ್ತು. ಗೌಡರು ನೋಡದಿದ್ದರೆ ಗೌಡರ ಹೆಂಡತಿಯಾದರೂ ನೋಡುತ್ತಾಳೆ. ಎಂಟುನೂರು ಮಕ್ಕಳಿರುವ ಕಾಲೇಜಿನಲ್ಲಿ ಮೇಜಿನ ಮೇಲೆ ಗುಡ್ಡೆ ಕಾಗದ ಹಾಕಿಕೊಂಡು ಕೂತ ಮನುಷ್ಯ ಯಾಕಾದರೂ ತಲೆ ಎತ್ತಬೇಕು?

ಆ ಮನುಷ್ಯ ತಲೆ ಎತ್ತುವುದಿಲ್ಲ ಎಂಬುದು ಬಾಳೇಶನಿಗೆ ಚೆನ್ನಾಗಿ ಗೊತ್ತಿತ್ತು. ಒಂಬತ್ತು ವರ್ಷದ ಹಿಂದೆ, ಇದೇ ಬಿ.ಕಾಂ. ಮೂರನೆಯ ವರ್ಷದಲ್ಲಿ, ಅವನೂ ಅದೇ ಬಾಗಿಲಲ್ಲಿ ನಿಂತಿದ್ದ. ಆಗ ಶಟ್ಟೆವ್ವ ಮೇವಿನ ಬಂಡಿಯ ಮೇಲಿನಿಂದ ಬಿದ್ದು ತೊಡೆಯ ಎಲುಬು ಮುರಿದುಕೊಂಡು ಧಾರವಾಡದ ಆಸ್ಪತ್ರೆಯಲ್ಲಿ ಐದು ವಾರ ಮಲಗಿದ್ದಳು. ಬಾಳೇಶ ಮಂಚದ ಕೆಳಗೆ ಚಾಪೆ ಹಾಸಿಕೊಂಡು ಐದೂ ವಾರ ಕಳೆದ. ತಿರುಗಿ ಬರುವ ಹೊತ್ತಿಗೆ ಹಾಜರಿ ಕಡಿಮೆ ಬಿದ್ದವರ ಪಟ್ಟಿಯಲ್ಲಿ ಅವನ ಹೆಸರಿತ್ತು. "ಪ್ರಿನ್ಸಿಪಾಲ್ರನ್ನ ಕಾಣು" ಎಂದರು ಆಫೀಸಿನವರು. ಕಾಣಲು ಹೋದ. ಮೂರು ದಿನ ನಿಂತ. ಒಳಗಿದ್ದವರು ಒಮ್ಮೆಯೂ ತಲೆ ಎತ್ತಲಿಲ್ಲ, ಇವನು ಒಮ್ಮೆಯೂ ಬಾಯಿ ತೆರೆಯಲಿಲ್ಲ. ನಾಲ್ಕನೆಯ ದಿನ ಹಾಲ್ ಟಿಕೆಟ್ ಹಂಚಿದರು, ಅದರಲ್ಲಿ ಅವನದು ಇರಲಿಲ್ಲ. ಮರುವರ್ಷ ಹೋಗಬಹುದಿತ್ತು, ಆದರೆ ನಾಚಿಕೆ ಅಡ್ಡ ಬಂತು. ಬೆನ್ನು ಗಟ್ಟಿಯಿತ್ತು, ಮಾರುಕಟ್ಟೆ ಹತ್ತಿರವಿತ್ತು.

ಮನೆಯಲ್ಲಿ ಅವನು ಹೇಳಿದ್ದು ಇಷ್ಟೇ: "ದವಾಖಾನ್ಯಾಗ ದಿನಾ ಹೋದ್ವು, ಪರೀಕ್ಷಾಕ್ಕ ಕುಂದ್ರಸಲಿಲ್ಲ." ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಆ ಅರ್ಧ ಮಾತಿನ ಭಾರ ಶಟ್ಟೆವ್ವನ ಮೇಲೆ ಬಿತ್ತು, ಅವನು ಬೀಳಗೊಟ್ಟ.

ಇಮಾಮಹುಸೇನ ಟೆಂಪೋದಲ್ಲಿ ಊಟದ ಡಬ್ಬಿ ಬಿಚ್ಚುತ್ತಿದ್ದವನು ಮಗಳ ಮುಖ ನೋಡಿ ಡಬ್ಬಿ ಮುಚ್ಚಿದ.

"ಕಾಕಾ, ಊರಿಗೆ ಹೋಗಿ ಬರಬೇಕು. ಲಗೂನ."

"ಹತ್ತು" ಎಂದ ಇಮಾಮಹುಸೇನ. ಯಾಕೆ ಏನು ಎಂದು ಕೇಳಲಿಲ್ಲ. ಮಹೇಕ್ ಕಾಲೇಜಿಗೆ ತಿರುಗಿ ಹೋದಳು, ಅರ್ಜಿಯನ್ನು ಬರೆದಿಡಲು.

ಮನೆಯಲ್ಲಿ ಶಟ್ಟೆವ್ವ ಅಂಗಳದ ಬಿಸಿಲಿನಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು. ವಿಷಯ ಕೇಳಿ ಗೋಡೆ ಹಿಡಿದು ಎದ್ದಳು. ಏಳುವಾಗ ಮುಖ ಒಂದಿಷ್ಟು ಬಿಗಿಯಾಯಿತು.

"ಕಾಲು ನೋಯ್ತೇನು?" ಎಂದ ಬಾಳೇಶ.

"ಏನಿಲ್ಲ, ಏನಿಲ್ಲ."

ಅವಳ ಮಾತು ಯಾವಾಗಲೂ ಅದೇ. ಒಂಬತ್ತು ವರ್ಷದಲ್ಲಿ ಕಾಲು ನೋಯುತ್ತದೆ ಎಂದು ಶಟ್ಟೆವ್ವ ಮಗನ ಮುಂದೆ ಒಮ್ಮೆಯೂ ಅಂದವಳಲ್ಲ. ನೆರೆಮನೆಯ ಕಾಡವ್ವನ ಹತ್ತಿರ ಮಾತ್ರ ಅನ್ನುತ್ತಿದ್ದಳಂತೆ, ಅದೂ ಮಗ ಮಾರುಕಟ್ಟೆಗೆ ಹೋದ ಮೇಲೆ. ಮಗನ ಓದು ಕೆಡಿಸಿದ ಕಾಲಿನ ನೋವನ್ನು ಮಗನಿಗೇ ಹೇಳುವ ಹಕ್ಕು ತನಗಿಲ್ಲ ಎಂದು ತಿಳಿದಿದ್ದಳು.

ಟ್ರಂಕಿನಿಂದ ಪ್ಲಾಸ್ಟಿಕ್ ಚೀಲ ತೆಗೆದು ಕೊಟ್ಟಳು. ರೇಶನ್ ಕಾರ್ಡು, ಪಹಣಿ, ಆಸ್ಪತ್ರೆಯ ಚೀಟಿಗಳು, ಮನೆಯ ಕಾಗದವೆಲ್ಲ ಅದರಲ್ಲೇ. ಹುಡುಕುತ್ತ ಕೂಡಲು ಹೊತ್ತಿರಲಿಲ್ಲ, ಚೀಲವನ್ನೇ ತೆಗೆದುಕೊಂಡ.

"ತಮ್ಮಾ" ಎಂದಳು ಶಟ್ಟೆವ್ವ, ಅವನು ಟೆಂಪೋ ಹತ್ತುವಾಗ. "ನನ್ನ ಕಾಲು ನಿನ್ನ ಸಾಲಿ ನುಂಗಿತು. ಆಕಿದಾದ್ರೂ ಉಳಸೋ."

ದಾರಿಯುದ್ದಕ್ಕೂ ಬಾಳೇಶ ಚೀಲವನ್ನು ಎದೆಗೆ ಅವಚಿಕೊಂಡು ಕೂತಿದ್ದ. ಇಮಾಮಹುಸೇನ ಎರಡು ಸಲ ಅವನ ಕಡೆ ನೋಡಿ ಗಾಡಿಯ ವೇಗ ಹೆಚ್ಚಿಸಿದ. ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಅಡ್ಡಾಗಿ ಹೊತ್ತು ತಿಂದವು. ಒಂದು ಸೆಮಿಸ್ಟರು ನಿಂತರೆ ಏನಾಗುತ್ತದೆ ಎಂದು ಬೇರೆಯವರು ಅವನಿಗೆ ಹೇಳಬೇಕಾಗಿರಲಿಲ್ಲ. ಮುಂದಿನ ವರ್ಷ ನೋಡೋಣ ಎನ್ನುತ್ತೇವೆ. ಆ ಮುಂದಿನ ವರ್ಷದಲ್ಲಿ ಬೇರೆ ಏನೋ ಬಂದು ಕೂತಿರುತ್ತದೆ.

ಕಾಲೇಜಿನ ಗೇಟಿಗೆ ಬಂದಾಗ ಮೂರು ಹೊಡೆದಿತ್ತು. ಒಂಬತ್ತು ವರ್ಷ ಅವನು ಈ ಗೇಟಿನ ಮುಂದೆ ಹಾಯ್ದವನಲ್ಲ. ಬಸ್‌ಸ್ಟ್ಯಾಂಡಿನಿಂದ ಮಾರುಕಟ್ಟೆಗೆ ಹೋಗಲು ಸುತ್ತುದಾರಿ ಹಿಡಿಯುತ್ತಿದ್ದ. ರಾಣಿಯನ್ನೂ ಮೂಲೆಯಲ್ಲೇ ಬಿಟ್ಟು "ನಡಿ ಇನ್ನ" ಎನ್ನುತ್ತಿದ್ದ. ಗೇಟಿಗೆ ಹೊಸ ಬಣ್ಣ ಬಂದಿತ್ತು. ಒಳಗಿನ ಪಡಸಾಲೆ ಹಾಗೆಯೇ ಇತ್ತು.

ಪ್ರಾಚಾರ್ಯರ ಕೋಣೆಯ ಬಾಗಿಲಲ್ಲಿ ರಾಣಿ ನಿಂತಿದ್ದಳು. ಚಪ್ಪಲಿ ಗೋಡೆಯ ಬದಿಗೆ ಜೋಡಿಸಿಟ್ಟಿದ್ದಳು. ಡಿಸೆಂಬರಿನ ತಣ್ಣನೆಯ ಫರಸಿಯ ಮೇಲೆ ಬರಿಗಾಲು. ಬಾಗಿಲು ತೆರೆದೇ ಇತ್ತು, ಪರದೆಯನ್ನೂ ಸರಿಸಿ ಕಟ್ಟಿದ್ದರು. ಒಳಗೆ ನಿಜಗುಣಪ್ಪ ಸರ್ ಬರೆಯುತ್ತ ಕೂತಿದ್ದರು. ಒಂಬತ್ತು ವರ್ಷದ ಹಿಂದೆಯೂ ಅವರೇ, ಅದೇ ಕುರ್ಚಿ. ಕೂದಲು ಮಾತ್ರ ಪೂರಾ ಬೆಳ್ಳಗಾಗಿತ್ತು.

ಅಣ್ಣನನ್ನು ಕಂಡು ರಾಣಿಯ ಕಣ್ಣು ತುಂಬಿತು. "ನಿನಗ ಯಾರ್ ಹೇಳಿದ್ರು?" ಎಂದು ಪಿಸುಗುಟ್ಟಿದಳು. ಮಹೇಕ್ ಅರ್ಜಿ ಹಿಡಿದುಕೊಂಡು ಪಕ್ಕದಲ್ಲೇ ಇದ್ದಳು, ಬೇಕೆಂದೇ ಬೇರೆ ಕಡೆ ನೋಡಿದಳು.

ಬಾಳೇಶ ದಾರಿಯಲ್ಲೆಲ್ಲ ತಯಾರಿ ಮಾಡಿಕೊಂಡು ಬಂದಿದ್ದ. ನೇರವಾಗಿ ಒಳಗೆ ಹೋಗುವುದು, ನಮಸ್ಕಾರ ಸರ್ ಅನ್ನುವುದು, ಚೀಲ ಮೇಜಿನ ಮೇಲಿಡುವುದು. ಮೂವತ್ತು ವರ್ಷದ ಗಂಡಸು, ಕ್ವಿಂಟಲ್ ಚೀಲ ಹೊರುವವನು, ಅಷ್ಟು ಮಾಡಲಾರನೇ? ಮಾಡಲಾರದೆ ಹೋದ. ಹೊಸ್ತಿಲಿನ ಒಂದು ಮಾರು ಹಿಂದೆ ಬಂದದ್ದೇ ಕಾಲುಗಳು ತಾವಾಗಿಯೇ ಚಪ್ಪಲಿ ಕಳಚಿದವು. ಕೈಗಳು ತಾವಾಗಿಯೇ ಕಟ್ಟಿಕೊಂಡವು. ಅಣ್ಣತಂಗಿ ಇಬ್ಬರೂ ಸಾಲಾಗಿ ನಿಂತರು. ಒಳಗೆ ಗೋಡೆಯ ಗಡಿಯಾರದಲ್ಲಿ ಮೂರೂ ಹತ್ತಾಯಿತು. ಮೂರೂ ಇಪ್ಪತ್ತಾಯಿತು. ಅವನಿಗೆ ತನ್ನ ಮೇಲೆ ಬಂದಂಥ ಸಿಟ್ಟು ಜನ್ಮದಲ್ಲಿ ಯಾರ ಮೇಲೂ ಬಂದಿರಲಿಲ್ಲ.

"ತಡಿ ಅಣ್ಣಾ" ಎಂದಳು ರಾಣಿ ಮೆಲ್ಲಗೆ, ಅವನನ್ನೇ ಸಮಾಧಾನ ಮಾಡುವವಳಂತೆ. "ಸರ್ ತಲಿ ಎತ್ತಲಿ."

ಆ ಮಾತು ಕೇಳಿ ಬಾಳೇಶ ಕಟ್ಟಿದ ಕೈ ಬಿಟ್ಟ. ಅವನು ತಂಗಿಯ ಕಡೆ ತಿರುಗಿದ.

"ರಾಣವ್ವಾ, ಸರ್ ತಲಿ ಎತ್ತೂದಿಲ್ಲ."

"ಎತ್ತತಾರೋ, ಬರಿಯೂದು ಮುಗೀಲಿ."

"ಎತ್ತೂದಿಲ್ಲವಾ. ನಾ ಮೂರು ದಿನ ನಿಂತು ನೋಡೇನಿ. ಇಲ್ಲೇ, ನೀ ನಿಂತಲ್ಲೇ."

ರಾಣಿ ಅವನನ್ನೇ ದಿಟ್ಟಿಸಿದಳು. ಅವನು ಮುಂದುವರಿಸಿದ. ನಿಲ್ಲಿಸಿದರೆ ಮತ್ತೆ ಒಂಬತ್ತು ವರ್ಷ ಬಾಯಿ ಬರಲಿಕ್ಕಿಲ್ಲ ಎಂದು ಅನಿಸಿತ್ತು.

"ಅವ್ವನ ಕಾಲಿಂದ ನನ್ನ ಸಾಲಿ ಬಿಟ್ಟಿದ್ದಲ್ಲ. ನಾ ಅಂಜಿ ಒಳಗ ಹೋಗಲಿಲ್ಲ. ಬಾಗಲಾ ಆವಾಗನೂ ತೆರದೇ ಇತ್ತು. ನಿನಗ ದಿನಾ ಸಾವಿರ ಹೇಳಿದೆ, ಇದೊಂದು ಹೇಳಲಿಲ್ಲ. ಕೇಳಬೇಕವಾ. ಕೇಳೂದು ಅಂದ್ರ ಎದುರಾಡಿದಂಗ ಅಲ್ಲ. ನಾನ ಹೋಗಿ ಕೊಡಬಹುದು, ಕೊಟ್ರ ನಾಳೆ ಬ್ಯಾಂಕಿನ ಬಾಗಲದಾಗ ಮತ್ತ ನಿಂದರ್ತಿ. ನೀ ಹೋಗು. ನಾ ಹಿಂದ ಬರ್ತೇನಿ."

ರಾಣಿ ಕಣ್ಣೊರೆಸಿಕೊಂಡಳು. ಆಮೇಲೆ ಗೋಡೆಯ ಬದಿಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡಳು, ಮಹೇಕಳ ಕೈಯಿಂದ ಅರ್ಜಿ ತೆಗೆದುಕೊಂಡಳು, ಹೊಸ್ತಿಲಿಗೆ ಬಂದು ನಿಂತಳು. ಧ್ವನಿ ನಡುಗಿತು, ಆದರೆ ಹೊರಗೆ ಬಂತು.

"ಸರ್, ಒಳಗ ಬರ್ಲಿರಿ?"

"ಬಾರವಾ" ಎಂದರು ನಿಜಗುಣಪ್ಪ ಸರ್, ಬರೆಯುತ್ತಲೇ.

ಅಷ್ಟೇ. ಅವರು ಅರ್ಜಿ ಓದಿದರು, ಆಸ್ಪತ್ರೆಯ ಕಾಗದ ಕೇಳಿದರು. ಬಾಳೇಶ ಚೀಲ ಮುಂದಿಟ್ಟ. ಅವರು ಕನ್ನಡಕ ಸರಿಮಾಡಿಕೊಂಡು ಒಂದು ಕಾಗದ ಎಳೆದರು. "ಶಟ್ಟೆವ್ವ... ತೊಡೆ ಎಲುಬು... ಇದು ಒಂಬತ್ತು ವರ್ಷದ ಹಿಂದಿಂದಲ್ಲಪಾ?"

"ನಮ್ಮ ತಾಯಿದರಿ ಸರ್. ಅದರ ಕೆಳಗ ಐತ್ರಿ ಈಕಿದು."

ಕೆಳಗಿನದನ್ನು ತೆಗೆದರು, ದಿನಾಂಕ ನೋಡಿದರು, ಸಹಿ ಹಾಕಿ ಸಿಕ್ಕಾ ಒತ್ತಿದರು. ಎಲ್ಲ ಸೇರಿ ಎರಡು ನಿಮಿಷ ಆಗಿರಬಹುದು. "ಮೊದಲೇ ಬರಬಾರದೇನವಾ? ಮೂರು ದಿನದಿಂದ ಇಲ್ಲೇ ಕುಂತೇನಲ್ಲ ನಾನು" ಎಂದರು. ಗದರಿಸಲಿಲ್ಲ, ಅಕ್ಕರೆಯಿಂದಲೇ ಅಂದರು. ಕೆಟ್ಟ ಮನುಷ್ಯನಲ್ಲ ಅವರು. ಅದನ್ನೇ ಬಾಳೇಶನಿಗೆ ತಡೆಯಲಾಗಲಿಲ್ಲ. ಕೆಟ್ಟವರಾಗಿದ್ದರೆ ಒಂಬತ್ತು ವರ್ಷವನ್ನು ಅವರ ಮೇಲಾದರೂ ಹೊರಿಸಬಹುದಿತ್ತು.

"ಸರ್, ಒಂದು ಕೇಳ್ಲಿರಿ?" ಎಂದ ಅವನು.

"ಕೇಳು."

"ತಾಯಿ ದವಾಖಾನ್ಯಾಗಿದ್ದು, ಮಗಾ ನೋಡಿಕೋತ ಕುಂತು ಹಾಜರಿ ತಪ್ಪಿದ್ರ, ಆವಾಗನೂ ಹಿಂಗ ಅರ್ಜಿ ನಡೀತಿತ್ತೇನ್ರಿ?"

"ಯಾಕ ನಡಿಯೂದಿಲ್ಲ? ಬರದು ಕೊಟ್ರ ಶಿಫಾರಸು ಮಾಡ್ತೇವಿ. ಭಾಳ ಮಂದಿಗೆ ಮಾಡೇವಿ. ಯಾರಿಗೆ ಬೇಕಾಗಿತ್ತು?"

ಬಾಳೇಶ ಅವ್ವನ ಕಾಗದವನ್ನು ಮಡಚಿ ಚೀಲದೊಳಗಿಟ್ಟ. "ಈಗ ಯಾರಿಗೂ ಬ್ಯಾಡ್ರಿ ಸರ್."

ಮೂರೂ ನಲವತ್ತಕ್ಕೆ ಆಫೀಸಿನ ಕಿಟಕಿಯಲ್ಲಿ ಅರ್ಜಿ ಸೇರಿತು. ನಾಳೆ ಹಾಲ್ ಟಿಕೆಟ್ ಒಯ್ಯಲು ಹೇಳಿದರು. ಮಹೇಕ್ ರಾಣಿಯ ಬೆನ್ನಿಗೊಂದು ಗುದ್ದಿ, "ನಿನ್ನ ಸಲುವಾಗಿ ನಮ್ಮಪ್ಪ ಉಪಾಸ ಬಿದ್ದಾನ, ನೋಡು" ಎಂದಳು. ರಾಣಿ ಅತ್ತಳು, ನಕ್ಕಳು.

ಊರಿನ ಬಸ್ಸಿನಲ್ಲಿ ಆ ಸಂಜೆ ಮೊದಲ ಸಲ ಉಪದೇಶ ಇರಲಿಲ್ಲ. ಊರು ಹತ್ತಿರ ಬಂದಾಗ ರಾಣಿ ಒಂದೇ ಮಾತು ಅಂದಳು. "ಅಣ್ಣಾ, ಅವ್ವಗ ಹೇಳು."

ಅವನು ತಲೆಯಾಡಿಸಿದ.

ಶಟ್ಟೆವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಕೆಲಸವಾಯಿತು ಎಂದು ರಾಣಿ ಹೇಳಿದ ಕೂಡಲೇ ಹಿಟ್ಟಿನ ಕೈಯಿಂದಲೇ ದೇವರ ಕಡೆ ಕೈಮುಗಿದಳು. ಬಾಳೇಶ ಅಡುಗೆಮನೆಯ ಹೊಸ್ತಿಲಿನಲ್ಲಿ ನಿಂತಿದ್ದ. ಅವಳು ತಲೆಯೆತ್ತುವ ತನಕ ಕಾಯಲಿಲ್ಲ. ಒಳಗೆ ಬಂದು, ಮಗ್ಗುಲಲ್ಲಿ ಕೂತು, ಎಲ್ಲ ಹೇಳಿದ. ಮೂರು ದಿನ ನಿಂತದ್ದು, ಬಾಯಿ ತೆರೆಯದ್ದು, ಧಾರವಾಡದ ಆ ಕಾಗದ ಕೊಟ್ಟಿದ್ದರೆ ಸಾಕಾಗುತ್ತಿತ್ತು ಎಂಬುದು.

ಹಂಚಿನ ಮೇಲಿನ ರೊಟ್ಟಿ ಕರಿದಾಯಿತು. ರಾಣಿ ಬಂದು ತೆಗೆದಳು.

"ಹಂಗಾರ ನನ್ನ ಕಾಲಿಂದ ಅಲ್ಲ?" ಎಂದಳು ಶಟ್ಟೆವ್ವ.

"ಅಲ್ಲಬೇ."

"ಮತ್ತ ನನಗ್ಯಾಕ ಹೇಳಲಿಲ್ಲೋ?"

"ಅಂಜಿದ್ದೆ ಅಂತ ಹೇಳಾಕ ನಾಚಿಕಿ ಬಂತು. ನಿನ್ನ ಕಾಲಿನ ಮ್ಯಾಲ ಹಾಕೂದು ಹಗುರ ಇತ್ತು."

ಶಟ್ಟೆವ್ವ ಒಲೆಯ ಉರಿ ತಗ್ಗಿಸಿದಳು. ಬೈಯುತ್ತಾಳೆ ಎಂದುಕೊಂಡಿದ್ದ ಬಾಳೇಶ. ಬೈದಿದ್ದರೆ ಒಳ್ಳೆಯದಿತ್ತು. ಅವಳು ಕೈಗಂಟಿದ ಹಿಟ್ಟನ್ನು ಒಂದೊಂದೇ ಬೆರಳಿನಿಂದ ಉಜ್ಜಿ ತೆಗೆದಳು. "ಹಂಗ ನಿಂದ್ರೂದು ಕಲಿಸಿದಾಕಿ ನಾನ ಅಲ್ಲೇನು?" ಎಂದಳು. ಆಮೇಲೆ ಗೋಡೆಗೆ ಬೆನ್ನು ಆನಿಸಿ, ಮುರಿದ ಕಾಲನ್ನು ಎರಡೂ ಕೈಯಿಂದ ಎತ್ತಿ ಮಗನ ಮುಂದೆ ಚಾಚಿದಳು.

"ತಮ್ಮಾ, ಭಾಳ ನೋಯ್ತೈತೋ. ಚಳಿಗಾಲ ಬಂದ್ರ ರಾತ್ರೆಲ್ಲಾ ನಿದ್ದಿ ಹತ್ತೂದಿಲ್ಲ. ಒಂದೀಟು ಒತ್ತು."

ಬಾಳೇಶ ಆ ಕಾಲನ್ನು ತೊಡೆಯ ಮೇಲೆ ತೆಗೆದುಕೊಂಡ.